ಪಾಸಾದರೆ ಹಾಸ್ಟೆಲ್, ಇಲ್ಲದಿದ್ದರೆ ಟೆಂಪೋ

ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ನನಗಿಲ್ಲ. ಅವೇ ಬರುತ್ತವೆ. ಬಾಗಿಲು ತಟ್ಟುವುದಿಲ್ಲ, ಅನುಮತಿ ಕೇಳುವುದಿಲ್ಲ, ಕುರ್ಚಿ ಎಳೆದುಕೊಂಡು ಕೂತೇ ಬಿಡುತ್ತವೆ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳು. ಸಾಕ್ಸು ಎಷ್ಟು ಮಡಚಬೇಕು, ಸೀನು ಬಂದರೆ ಮುಖ ಎತ್ತ ತಿರುಗಿಸಬೇಕು ಎನ್ನುವುದಕ್ಕೂ ಅಲ್ಲಿ ಒಂದು ಪದ್ಧತಿಯಿತ್ತು. ಅಂಥವಳ ಕಣ್ಣೆದುರಿಗೇ ಇಂಥವು ನಡೆಯುತ್ತವೆಂದರೆ, ನಡೆಸುವವನಿಗೆ ನನ್ನ ಮೇಲೆ ಏನೋ ಸಿಟ್ಟಿರಬೇಕು.

ಪುಣೆಯ ಧನಕವಡಿಯಲ್ಲಿರುವ ಒಂದು ಕಾಲೇಜಿನಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾರೆ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಸೊಸೆಯ ಅಡುಗೆಮನೆ ತಿದ್ದುವುದಕ್ಕಿಂತ ಇದು ಇಬ್ಬರಿಗೂ ಕ್ಷೇಮ. ಮನೆತನದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು, ನಡುವೆ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಪ್ರೊಫೆಸರರ ಹತ್ತಿರ ಹೇಗೆ ಮಾತಾಡಬೇಕು, ಲೈಬ್ರರಿಯಲ್ಲಿ ಪುಸ್ತಕ ಹೇಗೆ ಹುಡುಕಬೇಕು, ಒಂದು ವಿಷಯದಲ್ಲಿ ಹಿಂದೆ ಬಿದ್ದರೆ ಯಾರನ್ನು ಕೇಳಬೇಕು, ಇದೆಲ್ಲ ಹೇಳಿಕೊಡುತ್ತೇನೆ. ಕಾಲೇಜು ಈ ಯೋಜನೆಗೆ ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಉದ್ದದ ಇಂಗ್ಲಿಷ್ ಹೆಸರಿಟ್ಟಿದೆ. ಮಕ್ಕಳು ಸುಮ್ಮನೆ 'ಮದತ್ ಖೋಲಿ' ಎನ್ನುತ್ತಾರೆ. ನೆರವಿನ ಕೋಣೆ. ನನಗೂ ಅದೇ ಸರಿ ಎನಿಸುತ್ತದೆ.

ಕಳೆದ ವರ್ಷ ಈ ಕೋಣೆಗೆ ಇಂಡಿ ಕಡೆಯ ಒಬ್ಬ ಹುಡುಗಿ ಬಂದಳು. ಬಿಎಸ್‌ಸಿ ಮೊದಲ ವರ್ಷ. ಅಪ್ಪ ಗೌಂಡಿ, ಅವ್ವ ಅದೇ ಸೈಟಿನಲ್ಲಿ ಬುಟ್ಟಿ ಹೊರುವವಳು. ಹಡಪಸರದಲ್ಲಿ ಏಳುತ್ತಿದ್ದ ಒಂದು ದೊಡ್ಡ ಕಟ್ಟಡದ ಬುಡದಲ್ಲಿ, ತಗಡಿನ ಮನೆಯಲ್ಲಿ, ಅವರ ಇಡೀ ಗ್ಯಾಂಗಿನ ವಾಸ. ಹುಡುಗಿ ಜಾಣೆ ಎಂದು ಉತ್ತರಪತ್ರಿಕೆ ನೋಡಿದವರೆಲ್ಲ ಹೇಳುತ್ತಿದ್ದರು. ತರಗತಿಯಲ್ಲಿ ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ನನ್ನನ್ನು 'ಮ್ಯಾಡಮ್' ಎನ್ನು ಎಂದು ಹೇಳಿಹೇಳಿ ಸೋತೆ. ಊರ ಶಾಲೆಯ ಟೀಚರನ್ನು ಕರೆಯುವಂತೆ ಕಡೆಯವರೆಗೂ 'ಅಕ್ಕೋರ' ಎಂದೇ ಕರೆದಳು.

ಮೊದಲ ದಿನವೇ ನಾನು ಕೇಳಿದೆ, "ಮುಂದ ಏನು ಮಾಡಬೇಕಂತೀ?"

ಅವಳು ನೆಲ ನೋಡುತ್ತ ಹೇಳಿದಳು, "ಬ್ಯಾಸಗೀಗೆ ಬಿಲ್ಡಿಂಗ್ ಮುಗೀತದ್ರಿ ಅಕ್ಕೋರ. ಆಮ್ಯಾಲ ಗ್ಯಾಂಗು ನಾಸಿಕ ಕಡೆ ಹೊಂಟದ. ಎಲ್ಲಾದ್ರಾಗೂ ಪಾಸಾದೋರಿಗೆ ಎರಡನೇ ವರ್ಷ ಹಾಸ್ಟೆಲ್ ಕೊಡ್ತಾರಂತ. ಪಾಸಾದ್ರ ಹಾಸ್ಟೆಲ್, ಇಲ್ಲಾಂದ್ರ ಟೆಂಪೋ."

ಇಷ್ಟು ಸ್ಪಷ್ಟವಾಗಿ ತಮ್ಮ ಪರಿಸ್ಥಿತಿ ಹೇಳಿದ ವಿದ್ಯಾರ್ಥಿಗಳನ್ನು ನಾನು ಕಾನ್ವೆಂಟಿನಲ್ಲೂ ಕಂಡಿರಲಿಲ್ಲ.

೧. ಒಂದೇ ಹಾರ

ವರ್ಷದ ಆರಂಭದಲ್ಲಿ ಪಾಲಕರ ಸಭೆ ಕರೆಯುತ್ತೇವೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ಪಾಲಕರು ಎಂದು ನಾನೇ ಖುದ್ದಾಗಿ ಹೇಳಿದ್ದೆ. ಅದಕ್ಕೆ ತಕ್ಕಂತೆ ಕುರ್ಚಿ, ಅದಕ್ಕೆ ತಕ್ಕಂತೆ ಚಹಾ, ಬಿಸ್ಕಿಟು.

ಪ್ರಿನ್ಸಿಪಾಲರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಗೇಟಿನಲ್ಲಿ ಒಂದು ಟೆಂಪೋ ನಿಂತಿತು. ಅದರಿಂದ ಜನ ಇಳಿದರು. ಇಳಿಯುತ್ತಲೇ ಇದ್ದರು. ಒಗೆದ ಧೋತರ, ಹಳದಿ ರುಮಾಲು, ಇಳಕಲ್ ಸೀರೆ, ಕಂಕುಳಲ್ಲಿ ಕೂಸು. ಎಲ್ಲರಿಗಿಂತ ಮುಂದೆ ನಮ್ಮ ಹುಡುಗಿಯ ಅಪ್ಪ, ಕೈಯಲ್ಲಿ ಒಂದು ದಪ್ಪ ಚೆಂಡುಹೂವಿನ ಹಾರ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಇವರೊಳಗ ಪಾಲಕರು ಯಾರು?"

ಎಲ್ಲರೂ ಕೈ ಎತ್ತಿದರು. ಕೂಸಿನ ಕೈಯನ್ನೂ ಅದರವ್ವ ಎತ್ತಿದಳು.

"ಒಬ್ಬರು ಅಂತ ಹೇಳಿದ್ದೆನಲ್ಲ?"

ಅಪ್ಪ ಸಂಕೋಚದಿಂದ ತಲೆ ಕೆರೆದುಕೊಂಡ. "ಒಬ್ಬಾಂವ ಬಂದ್ರ ಉಳದೋರು ಮುನಸ್ಕೊಂತಾರ್ರಿ ಅಕ್ಕೋರ. ಅಕೀ ಪರೀಕ್ಷಾ ಇದ್ದಾಗ ಇವ್ರೆಲ್ಲಾ ರೇಡಿಯೋ ಬಂದ್ ಮಾಡ್ಯಾರ. ಯಾರ್ನ ಬಿಟ್ಟು ಬರ್ಲಿ?"

ಪಕ್ಕಕ್ಕೆ ಸರಿದು ಎಲ್ಲರನ್ನೂ ಒಳಗೆ ಬಿಟ್ಟೆ.

ಅವರ ಊರಲ್ಲಿ ವೇದಿಕೆಯ ಮೇಲಿರುವವರಿಗೆ ಹಾರ ಹಾಕದೆ ಸಭೆ ಆರಂಭವಾಗುವುದಿಲ್ಲ. ಹಾರ ಒಂದೇ ಇದ್ದರೂ ಅಡ್ಡಿಯಿಲ್ಲ. ಅಪ್ಪ ಹೋಗಿ ಪ್ರಿನ್ಸಿಪಾಲರಿಗೆ ಹಾಕಿದ. ಗ್ಯಾಂಗು ಚಪ್ಪಾಳೆ ತಟ್ಟಿತು. ಅವರ ಕೊರಳಿಂದ ತೆಗೆದು ಕೆಮಿಸ್ಟ್ರಿ ಪ್ರೊಫೆಸರರಿಗೆ ಹಾಕಿದ. ಮತ್ತೆ ಚಪ್ಪಾಳೆ. ಅಲ್ಲಿಂದ ತೆಗೆದು ನನಗೆ. ನನ್ನ ಗಂಜಿ ಹಾಕಿದ ಸೀರೆಯ ಮೇಲೆ ನೀರು ತೊಟ್ಟಿಕ್ಕಿತು. ನಾನು ಬೆನ್ನು ನೆಟ್ಟಗೆ ಇಟ್ಟುಕೊಂಡು ಸ್ವೀಕರಿಸಿದೆ. ವೇದಿಕೆಯ ಮೇಲೆ ಇನ್ನೂ ಒಬ್ಬನಿದ್ದ, ಮೈಕಿನ ತಂತಿ ಸರಿಮಾಡುವವನು. ವೇದಿಕೆಯ ಮೇಲಿದ್ದಾನೆಂದ ಮೇಲೆ ದೊಡ್ಡವನೇ ಇರಬೇಕು. ಅವನ ಕೊರಳಿಗೂ ಬಿತ್ತು.

ಅವನಿಗೆ ಜನ್ಮದಲ್ಲಿ ಯಾರೂ ಹಾರ ಹಾಕಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಮೈಕು ಕೈಯಲ್ಲೇ ಇತ್ತು. ಮರಾಠಿಯಲ್ಲಿ, "ಮಕ್ಕಳೇ, ನಾನು ಕಲಿಯಲಿಲ್ಲ, ನೀವು ಕಲಿಯಿರಿ. ಇಷ್ಟೇ," ಎಂದು ಹೇಳಿ ನಮಸ್ಕಾರ ಮಾಡಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅದಾದ ಮೇಲೆ ಪ್ರಿನ್ಸಿಪಾಲರು ತಮ್ಮ ಭಾಷಣದ ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆ ಮನುಷ್ಯನ ವಿವೇಕದ ಬಗ್ಗೆ ನನಗೆ ಅಂದಿನಿಂದ ಗೌರವ.

೨. ಗದ್ದಲವಿಲ್ಲದ ಘೇರಾವ್

ನಮ್ಮ ಮಕ್ಕಳ ದೊಡ್ಡ ತೊಂದರೆ ಎಂದರೆ ಸಂದೇಹ ಬಂದರೆ ಕೇಳುವುದಿಲ್ಲ. ಕೆಮಿಸ್ಟ್ರಿ ಪ್ರೊಫೆಸರರು ಒಳ್ಳೆಯವರು, ಸ್ವಲ್ಪ ಗಾಬರಿಯ ಸ್ವಭಾವ. ಅವರು ಗುರುವಾರ ಸಂಜೆ ಒಂದು ತಾಸು ತಮ್ಮ ಕೋಣೆಯಲ್ಲಿ ಕೂತು, ಯಾರು ಬೇಕಾದರೂ ಬಂದು ಕೇಳಬಹುದು ಎಂದು ಸಾರಿದ್ದರು. ಯಾರೂ ಹೋಗುತ್ತಿರಲಿಲ್ಲ. "ಮ್ಯಾಡಮ್, ಹುಡುಗರಿಗೆ ನಾನು ಬೇಡವಾಗಿದ್ದೇನೆ," ಎಂದು ನನ್ನ ಹತ್ತಿರ ಬೇಸರಪಟ್ಟುಕೊಂಡರು.

ಇಂಡಿ ಕಡೆಯ ಆ ಹುಡುಗಿಯನ್ನು ಕರೆದು ಹೇಳಿದೆ. "ಈ ಗುರುವಾರ ನೀ ಹೋಗಬೇಕು. ಬಾಗಿಲ ಹತ್ತಿರ ನೆಟ್ಟಗ ನಿಂದರು. ದೊಡ್ಡವರ ಖೋಲಿಗೆ ನುಗ್ಗಬಾರದು. ಅವರು ತಲೆ ಎತ್ತಿ ಕರದ ಮ್ಯಾಲೆ ಒಳಗ ಹೋಗು."

ಹುಡುಗಿ ಹೋದಳು, ನಿಂತಳು. ಪ್ರೊಫೆಸರರು ಬಾಗಿಲಿಗೆ ಬೆನ್ನು ಮಾಡಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಇವಳು ಕೆಮ್ಮುವವಳೂ ಅಲ್ಲ. ಆ ಕಡೆಯಿಂದ ಹೋಗುತ್ತಿದ್ದ ಇವಳ ತರಗತಿಯ ಒಬ್ಬಳು, ಏನೋ ಕೊಡುತ್ತಿರಬಹುದು ಎಂದು ಹಿಂದೆ ನಿಂತಳು. ಇಬ್ಬರು ನಿಂತದ್ದನ್ನು ನೋಡಿ ಇನ್ನಿಬ್ಬರು. ಪುಣೆಯಲ್ಲಿ ಸಾಲು ಕಂಡರೆ ಅದರ ಬುಡ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಬಾಲ ಹುಡುಕುತ್ತಾರೆ. ಅರ್ಧ ತಾಸಿನಲ್ಲಿ ಇಡೀ ತರಗತಿ ಮೆಟ್ಟಿಲವರೆಗೆ ನಿಂತಿತ್ತು. ಪ್ರೊಫೆಸರರ ಕೋಣೆ ಎಂದು ಯಾರೂ ಮಾತಾಡಲಿಲ್ಲ.

ಪ್ರೊಫೆಸರರು ಚಹಾಕ್ಕೆಂದು ತಿರುಗಿದರು. ಬಾಗಿಲ ತುಂಬ ಮುಖಗಳು. ಒಂದೂ ನಗುತ್ತಿಲ್ಲ. ಅವರು ಥಟ್ಟನೆ ಬಾಗಿಲು ಹಾಕಿ, ಚಿಲಕ ಜಡಿದು ಪ್ರಿನ್ಸಿಪಾಲರಿಗೆ ಫೋನು ಮಾಡಿದರು. "ಹುಡುಗರು ಘೇರಾವ್ ಹಾಕಿದ್ದಾರೆ. ಘೋಷಣೆ ಇಲ್ಲ, ಫಲಕ ಇಲ್ಲ. ಅದಕ್ಕೇ ಹೆದರಿಕೆ."

ಪ್ರಿನ್ಸಿಪಾಲರು ನನ್ನನ್ನು ಅಲ್ಲಿಗೆ ಓಡಿಸಿದರು. ಸಾಲಿನ ಕೊನೆಯವನನ್ನು ಕೇಳಿದೆ, "ಯಾಕೆ ನಿಂತಿದ್ದೀರಿ?"

"ಮುಂದಿನವರಿಗೆ ಗೊತ್ತು ಮ್ಯಾಡಮ್."

ಮುಂದಿನವನನ್ನು ಕೇಳಿದೆ. ಅವನ ಮುಂದಿನವನಿಗೆ ಗೊತ್ತಂತೆ. ಹೀಗೆ ಎಲ್ಲರ ಅಜ್ಞಾನವನ್ನೂ ಸವರಿಕೊಂಡು ಮುಂದೆ ಹೋಗುತ್ತಿದ್ದಂತೆ ಒಳಗಿನಿಂದ ಪ್ರೊಫೆಸರರ ನಡುಗುವ ದನಿ ಬಂತು. "ನಿಮ್ಮ ಬೇಡಿಕೆ ಏನೆಂದು ನನಗೆ ಗೊತ್ತು! ಸೋಮವಾರದ ಟೆಸ್ಟು ಮುಂದಕ್ಕೆ ಹಾಕಿದ್ದೇನೆ! ದಯವಿಟ್ಟು ಮನೆಗೆ ಹೋಗಿ!"

ಹೋ ಎಂಬ ಕೂಗು ಎದ್ದಿತು. ಸಾಲು ಚದುರಿ, ಕುಣಿಯುತ್ತ ಮೆಟ್ಟಿಲಿಳಿಯಿತು. ಬಾಗಿಲ ಮುಂದೆ ಉಳಿದವಳು ಒಬ್ಬಳೇ. ಇನ್ನೂ ನೆಟ್ಟಗೆ ನಿಂತಿದ್ದಳು.

"ಏನು ಕೇಳಬೇಕಂತ ಬಂದಿದ್ದಿ?" ಎಂದೆ.

"ಸೋಮವಾರ ಟೆಸ್ಟಿಗೆ ಯಾವ ಪಾಠ ಅಂತ ಕೇಳಬೇಕಿತ್ರಿ ಅಕ್ಕೋರ," ಎಂದಳು. "ಈಗ ಸಂದೇಹ ಉಳೀಲಿಲ್ಲ."

೩. ದೋಸೆಗೆ ಚಾಕು

ನಮ್ಮ ಮಕ್ಕಳಿಗೆ ನೆರವಾಗುವ ಒಂದು ಕಂಪನಿಯವರು ಒಂದು ದಿನ ತಮ್ಮ ಆಫೀಸು ನೋಡಲು, ಮಧ್ಯಾಹ್ನದ ಊಟಕ್ಕೆ ಕರೆದರು. ಮುಳ್ಳುಚಮಚ ಕಂಡು ನನ್ನ ಮಕ್ಕಳು ತಲೆ ತಗ್ಗಿಸಬಾರದು ಎಂದು ನನಗೆ ಹಟ. ಕಾಲೇಜಿನ ಹತ್ತಿರವೇ ಕುಂದಾಪುರದ ಕಡೆಯವರ ಒಂದು ಹೋಟೆಲಿದೆ. ಎಲ್ಲರನ್ನೂ ಇಸ್ತ್ರಿ ಬಟ್ಟೆಯಲ್ಲಿ, ಕೊರಳಲ್ಲಿ ಕಾಲೇಜಿನ ಗುರುತುಚೀಟಿಯೊಡನೆ ಅಲ್ಲಿಗೆ ಅಭ್ಯಾಸಕ್ಕೆ ಕರೆದೊಯ್ದೆ.

ನನ್ನ ಸೂಚನೆ ಸರಳ. ಮಾತು ಬೇಡ. ಮೊದಲು ಚಮಚ, ಮುಳ್ಳುಚಮಚ ಸ್ವಚ್ಛವಾಗಿವೆಯೇ ನೋಡಿ, ಒರೆಸಿ. ದೋಸೆಯನ್ನು ಸಣ್ಣಗೆ ಕತ್ತರಿಸಿ. ಒಳಗೇನಿದೆ ನೋಡಿ. ನಿಧಾನವಾಗಿ, ತುಟಿ ಮುಚ್ಚಿ ಅಗಿಯಿರಿ. ನುಂಗಿದ ಮೇಲೆಯೇ ಮಾತು. ನಾನು ಕೈ ಹಿಂದೆ ಕಟ್ಟಿಕೊಂಡು ಅವರ ಬೆನ್ನ ಹಿಂದೆ ಅಡ್ಡಾಡುತ್ತಿದ್ದೆ.

ಮಾಲೀಕರು ಎಲ್ಲಿಗೋ ಹೋದವರು ಅದೇ ಹೊತ್ತಿಗೆ ಬಂದರು. ಬಾಗಿಲಲ್ಲೇ ನಿಂತರು. ಒಂದು ಸಾಲು ಮಂದಿ ಕೊರಳಲ್ಲಿ ಕಾರ್ಡು ಹಾಕಿಕೊಂಡು, ಮುಳ್ಳುಚಮಚವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ದೋಸೆಯನ್ನು ಸೀಳಿ ಪಲ್ಯವನ್ನು ಪರೀಕ್ಷಿಸುತ್ತಿದ್ದಾರೆ. ಯಾರಲ್ಲೂ ಮಾತಿಲ್ಲ, ನಗುವಿಲ್ಲ. ಹಿಂದೆ ಒಬ್ಬ ಹೆಂಗಸು ಗಸ್ತು ತಿರುಗುತ್ತಿದ್ದಾಳೆ.

ಮಾಲೀಕರು ಹಿಂಬಾಗಿಲಿಂದ ಅಡುಗೆಮನೆಗೆ ಓಡಿದರು. ಒಳಗಿನಿಂದ ಪಾತ್ರೆ ಉಜ್ಜುವ ಸದ್ದು ಬಂತು. ಒಂದು ಬೆಕ್ಕು ಹೊರಗೆ ಹಾರಿತು. ಅಲ್ಲಿಯವರೆಗೆ ಬರಿತಲೆಯಲ್ಲಿದ್ದ ಮಾಣಿಗಳೆಲ್ಲ ಟೊಪ್ಪಿಗೆ ಹಾಕಿಕೊಂಡು ಬಂದರು. ಒಂದು ಟೊಪ್ಪಿಗೆಯ ಮೇಲೆ ಬೆಲೆಯ ಚೀಟಿ ಇನ್ನೂ ಇತ್ತು. ನಾವು ಹೇಳದೆಯೇ ಎಲ್ಲರ ಮುಂದೆ ಕೇಸರಿಬಾತು ಬಂದು ಕೂತಿತು.

ಮಾಲೀಕರು ಸಾಲಿನ ತುದಿಯಲ್ಲಿದ್ದ ನಮ್ಮ ಹುಡುಗಿಯ ಹತ್ತಿರ ಬಾಗಿ, ಮೆಲ್ಲಗೆ ಕೇಳಿದರು. "ಮಗಾ, ನೀನು ಕನ್ನಡದವಳು ಅಲ್ವಾ? ಒಳಗೆ ಬರುವಾಗ ಆ ಅಮ್ಮನ ಹತ್ರ ಮಾತಾಡಿದ್ದು ನಮ್ಮ ಮಾಣಿ ಕೇಳಿದ್ದಾನೆ. ನಮ್ಮವಳಾಗಿ ಸತ್ಯ ಹೇಳು, ಎಂತ ತಪ್ಪು ಉಂಟು?"

ತರಗತಿಯಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡದ ಹುಡುಗಿ ಬಾಯಲ್ಲಿದ್ದುದನ್ನು ತುಟಿ ಮುಚ್ಚಿ ಅಗಿದಳು. ನುಂಗಿದಳು. ಚಾಕು, ಮುಳ್ಳುಚಮಚಗಳನ್ನು ತಟ್ಟೆಯ ಮೇಲೆ ಜೋಡಿಸಿಟ್ಟಳು. ಆಮೇಲೆ ಹೇಳಿದಳು, "ಸಾಂಬಾರದಾಗ ಬೆಲ್ಲ ಭಾಳ ಆಗ್ಯದ್ರಿ. ಖಾರ ಅನ್ನೋದ ಇಲ್ಲ."

ನಾನು ಹೋಗಿ, ನಾವು ಯಾವ ಇಲಾಖೆಯವರೂ ಅಲ್ಲ ಎಂದು ವಿವರಿಸಿದೆ. ಅವರು ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತರು. "ಎಂತ ಮಾರಾಯ್ರೆ ಅಮ್ಮ, ಒಂದು ಮಾತು ಮೊದಲೇ ಹೇಳುದಲ್ವಾ! ನನ್ನ ಜೀವ ಅರ್ಧ ಹೋಯ್ತು."

ಕೇಸರಿಬಾತಿನ ಹಣ ತೆಗೆದುಕೊಳ್ಳಲಿಲ್ಲ. ಆದರೆ ಮರುದಿನದಿಂದ ಆ ಹೋಟೆಲಿನ ಸಾಂಬಾರು ಬಾಯಿ ಉರಿಯುವಷ್ಟು ಖಾರವಾಯಿತು. ಸಿಹಿ ಸಾಂಬಾರಿಗೆ ಒಗ್ಗಿದ ಪೇಟೆಯ ಹಳೆಯ ಗಿರಾಕಿಗಳು ದೂರಿದರೆ ಮಾಲೀಕರು ಕೈ ಚೆಲ್ಲುತ್ತಿದ್ದರಂತೆ. "ನನ್ನ ಕೈಯಲ್ಲಿಲ್ಲ. ಮೇಲಿನಿಂದ ಆರ್ಡರು."

೪. ಕೇಳದೆಯೇ ಬೇಡವಾದ ವರ

ನಮ್ಮ ಯೋಜನೆಯಲ್ಲಿ ಪ್ರತಿ ಮಗುವಿಗೂ ಹೊರಗಿನ ಒಬ್ಬ ಮಾರ್ಗದರ್ಶಕರು ಇರುತ್ತಾರೆ. ವಾರಕ್ಕೊಮ್ಮೆ ಫೋನು ಮಾಡಿ ಯೋಗಕ್ಷೇಮ ಕೇಳಬೇಕು. ನಮ್ಮ ಹುಡುಗಿಗೆ ಗೊತ್ತುಪಡಿಸಿದವನು ಮೈಸೂರಿನ ಕಡೆಯ ತರುಣ. ಹಡಪಸರದಲ್ಲೇ ಸಾಫ್ಟ್‌ವೇರ್ ಕೆಲಸ. ನಯವಾದ ಹುಡುಗ, ಕೂದಲು ಮಾತ್ರ ಕತ್ತರಿಸಿಕೊಳ್ಳಬೇಕಿತ್ತು.

ಹುಡುಗಿಗೆ ಸ್ವಂತ ಫೋನಿಲ್ಲ, ಇದ್ದದ್ದು ಅಪ್ಪನದು. ಪ್ರತಿ ಶನಿವಾರ ಸಂಜೆ, ಅಪ್ಪ ಕೈಕಾಲು ತೊಳೆದುಕೊಂಡು ಕೂತ ಹೊತ್ತಿಗೆ, ಒಬ್ಬ ಅಪರಿಚಿತ ತರುಣ ಫೋನು ಮಾಡಿ, "ಹಾಯ್ ಅಂಕಲ್, ಅವರು ಇದ್ದಾರಾ? ಈ ವೀಕ್ ಹೇಗಿತ್ತು ಅಂತ ಕೇಳೋಣ ಅಂತ," ಎನ್ನುವನು. ಅಪ್ಪ ಕೆಲವು ವಾರ ಸುಮ್ಮನಿದ್ದ. ಆಮೇಲೆ ಒಂದು ದಿನ, ಇಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಂಡು, ರುಮಾಲು ಸುತ್ತಿಕೊಂಡು ಅವನ ಆಫೀಸಿನ ಗೇಟಿಗೆ ಹೋದ.

ತರುಣ ಖುಷಿಯಿಂದ ಇಳಿದು ಬಂದ. ಪಾಲಕರ ಅಭಿಪ್ರಾಯ ತಿಳಿಯಬೇಕು ಎಂದು ನಾನೇ ಹಿಂದಿನ ವಾರ ಎಲ್ಲ ಮಾರ್ಗದರ್ಶಕರಿಗೆ ಹೇಳಿದ್ದೆ. ಅವರನ್ನು ಚಹಾದಂಗಡಿಗೆ ಕರೆದೊಯ್ದು ಕೂರಿಸಿದ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಊರು ಯಾವುದು, ಮನೆಯಲ್ಲಿ ಎಷ್ಟು ಮಂದಿ, ಅಣ್ಣತಮ್ಮಂದಿರು ಕೂಡಿದ್ದಾರೋ ಬೇರೆಯೋ, ಅಡಿಕೆ ಎಲೆ ಹಾಕುತ್ತೀಯೋ, ಕುಡಿತ ಇದೆಯೋ.

ಮರುದಿನ ನನಗೆ ಉತ್ಸಾಹದಿಂದ ವರದಿ ಒಪ್ಪಿಸಿದ. "ಮೇಡಂ, ಪೇರೆಂಟ್ಸ್ ತುಂಬಾ ಇನ್ವಾಲ್ವ್ಡ್. ನಮ್ಮ ತಂದೆಗೆ ಬಿಪಿ ಇದ್ಯಾ ಅಂತ ಕೂಡ ಕೇಳಿದ್ರು. ಒಬ್ಬರಂತೂ ನನ್ನ ಎದ್ದು ನಡೆದು ತೋರಿಸು ಅಂದ್ರು."

"ನಡೆದಿರಾ?"

"ನಡೆದೆ ಮೇಡಂ. ಅವರ ಕಲ್ಚರ್ ಇರಬಹುದು ಅಂತ."

ಸೋಮವಾರ ಅಪ್ಪ ನನ್ನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಮುಖದಲ್ಲಿ ದೊಡ್ಡ ಭಾರ. "ಅಕ್ಕೋರ, ಹುಡುಗ ಭಾಳ ಚಲೋ ಅದಾನ್ರಿ. ಮನಿತನಾನೂ ಚಲೋ. ಚಟ ಇಲ್ಲ, ನಡಗಿ ಸರಳ ಅದ. ಆದ್ರ ಈಗ ಬ್ಯಾಡ್ರಿ. ನಮ್ಮ ಹುಡುಗಿ ಕಲೀಲಿ. ಹಾಸ್ಟೆಲ್ ಸಿಕ್ರ ನಾವು ಅಕೀನ್ನ ಇಲ್ಲೇ ಬಿಟ್ಟು ಹೋಗೋದು, ಹಂಗಂತ ಗ್ಯಾಂಗ್ನೋರೆಲ್ಲಾ ಕೂತು ಮಾತಾಡೀವಿ. ನೀವ ಸಮಾಧಾನದಿಂದ ಅವಂಗ ಹೇಳ್ರಿ. ಹುಡುಗನ ಮನಸ್ಸು ನೋಯಬಾರದು."

ಆ ತಗಡಿನ ಮನೆಗಳ ಮುಂದೆ ಅಷ್ಟೂ ಜನ ಕೂತು, ಒಬ್ಬ ಹುಡುಗಿ ಓದಬೇಕೆಂದು ಠರಾವು ಮಾಡಿದ್ದನ್ನು ಕಣ್ಣಮುಂದೆ ತಂದುಕೊಂಡೆ. ಹೇಳುತ್ತೇನೆ ಎಂದು ಒಪ್ಪಿಕೊಂಡೆ, ಅವರ ತಪ್ಪು ತಿಳುವಳಿಕೆಯನ್ನು ತಿದ್ದಲಿಲ್ಲ. ತಿದ್ದುವುದೇ ನನ್ನ ಜೀವನದ ಕಸುಬಾಗಿದ್ದರೂ.

ತರುಣನನ್ನು ಕರೆಸಿ ವಿಷಯ ತಿಳಿಸಿದೆ. ಅವನ ಕಿವಿ ಕೆಂಪಾದವು. "ಮೇಡಂ, ನಾನು ಕೇಳೇ ಇಲ್ವಲ್ಲ!"

"ಅದಕ್ಕೇ ಅವರು ಅಷ್ಟು ಮೃದುವಾಗಿ ಹೇಳಿದ್ದಾರೆ," ಎಂದೆ.

ಅವನು ಬಾಗಿಲವರೆಗೆ ಹೋದ. ನಿಂತ. ತಿರುಗಿ ಬಂದ. "ಅಲ್ಲ ಮೇಡಂ, ಸುಮ್ನೆ ಕೇಳ್ತೀನಿ. ರಿಜೆಕ್ಟ್ ಮಾಡಿದ್ದಕ್ಕೆ ಫೀಡ್‌ಬ್ಯಾಕ್ ಏನಾದ್ರೂ ಕೊಟ್ರಾ?"

೫. ಸಾಕು ಎಂದರೆ

ಬೇಸಿಗೆ ಬಂತು. ಹಡಪಸರದ ಕಟ್ಟಡಕ್ಕೆ ಬಣ್ಣ ಹೊಡೆಯುವುದು ಶುರುವಾಯಿತು. ಗ್ಯಾಂಗಿನವರು ತಗಡು ಬಿಚ್ಚಲು ಆರಂಭಿಸಿದ್ದಾರೆ ಎಂದು ಹುಡುಗಿ ಹೇಳಿದಳು. ಬರೆಯುವ ಪರೀಕ್ಷೆಗಳ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಚಿಂತೆ ಇದ್ದದ್ದು ಒಂದೇ, ಕೆಮಿಸ್ಟ್ರಿ ಪ್ರಾಯೋಗಿಕ ಪರೀಕ್ಷೆಯ ಮೌಖಿಕ. ಹೊರಗಿನ ಪರೀಕ್ಷಕರು ಎದುರಿಗೆ ಕೂತು ಪ್ರಶ್ನೆ ಕೇಳುತ್ತಾರೆ. ಬಾಯಿ ಬಿಡದೆ ಅದರಲ್ಲಿ ಫೇಲಾದರೆ ವರ್ಷವೇ ಹೋದಂತೆ. ಹಾಸ್ಟೆಲೂ ಹೋದಂತೆ.

ವಾರ ಮೊದಲು ಒಂದು ತಾಲೀಮು ಇಟ್ಟೆ. ಕೆಮಿಸ್ಟ್ರಿ ಪ್ರೊಫೆಸರರೇ ಪರೀಕ್ಷಕರಾಗಿ ಕೂತರು.

"ಟೈಟ್ರೇಷನ್ ಅಂದರೇನು, ಗೊತ್ತೇ?"

"ಇಲ್ರಿ ಸರ್."

"ಈ ಗಾಜಿನ ಕೊಳವೆಯ ಹೆಸರು ಗೊತ್ತೇ?"

"ಇಲ್ರಿ."

"ಫ್ಲಾಸ್ಕಿನ ಕೆಳಗೆ ಬಿಳಿ ಹೆಂಚು ಯಾಕೆ ಇಡುತ್ತೇವೆ, ಅದಾದರೂ?"

"ಇಲ್ರಿ ಸರ್."

ಪ್ರೊಫೆಸರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹಿಂದಿನ ದಿನವಷ್ಟೇ ಅದೇ ಹುಡುಗಿ ತನ್ನ ಗೆಳತಿಯರಿಗೆ ವರಾಂಡದಲ್ಲಿ ಕೂತು ಇದೆಲ್ಲವನ್ನೂ ಬಿಡಿಸಿ ಹೇಳುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದ್ದೆ. ಹೊರಗೆ ಕರೆದು ಗದರಿದೆ. "ಗೊತ್ತಿದ್ದೂ ಯಾಕ ಇಲ್ಲ ಅಂದಿ?"

ಹುಡುಗಿಗೆ ನನಗಿಂತ ಹೆಚ್ಚು ಆಶ್ಚರ್ಯ. "ಹಿರ್ಯಾರು ಕೇಳಿದ ಕೂಡ್ಲೆ ಗೊತ್ತದ ಅನ್ನೋದು ಸೊಕ್ಕಲ್ಲೇನ್ರಿ ಅಕ್ಕೋರ? ನಮ್ಮಲ್ಲಿ ಊಟಕ್ಕ ಏಳ್ರಿ ಅಂದ್ರೂ ಮೊದಲ ಒಲ್ಲೆ ಅಂತೀವಿ. ಎರಡನೇ ಸಲಾನೂ ಒಲ್ಲೆ. ಮೂರನೇ ಸಲ ಕೇಳಿದ್ರ ಹೂಂ. ಸರ್ ಒಂದೊಂದ ಸಲ ಕೇಳಿ ಬಿಟ್ಟಬಿಟ್ರಲ್ರಿ."

ಅವರು ಮತ್ತೆರಡು ಸಲ ಕೇಳಲಿಲ್ಲವೆಂದು ಪಾಪ ಅವಳಿಗೇ ಬೇಸರವಾಗಿತ್ತು.

ಗದರಿ ಪ್ರಯೋಜನವಿರಲಿಲ್ಲ. ಹುಟ್ಟಿದಾಗಿನಿಂದ ಮೈಗೂಡಿದ ಮರ್ಯಾದೆ ಅದು, ಒಂದು ವಾರದಲ್ಲಿ ಕಿತ್ತರೆ ಬರುವುದಲ್ಲ. ರಾತ್ರಿಯೆಲ್ಲ ಯೋಚಿಸಿ ಮರುದಿನ ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. "ನೋಡು, ಪರೀಕ್ಷಾದಾಗ ಉಣ್ಣಾಕ ಕೂತಾಕೀ ನೀ ಅಲ್ಲ. ಉಣ್ಣೋರು ಅವರು, ಬಡಸಾಕೀ ನೀ. ಬುಟ್ಟಿ ನಿನ್ನ ಕೈಯಾಗ ಅದ. ಬಡಸಾಕೀ ಸಂಕೋಚ ಮಾಡ್ತಾಳೇನು?"

ಅವಳ ಮುಖ ಅರಳಿತು. "ಇಲ್ರಿ! ಬಡಸಾಕ ಎಂಥಾ ಸಂಕೋಚ!"

ನನ್ನ ಉಪಮಾನದ ಬಗ್ಗೆ ನನಗೇ ಹೆಮ್ಮೆಯೆನಿಸಿತು.

ಪರೀಕ್ಷೆಯ ದಿನ ಭೋರ್ ಕಡೆಯ ಕಾಲೇಜಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದರು. ಬಿಳಿ ಮೀಸೆ, ಶಾಂತ ಮುಖ. ಜೊತೆಗೆ ನಮ್ಮ ಪ್ರೊಫೆಸರರು. ನಾನು ಪ್ರಯೋಗಶಾಲೆಯ ಹೊರಗೆ ನಿಂತಿದ್ದೆ. ಬಾಗಿಲ ಸಂದಿಯಲ್ಲಿ ಇಣುಕುವುದು ನಮ್ಮ ಕಾನ್ವೆಂಟಿನ ಸಂಸ್ಕಾರವಲ್ಲ. ಬಾಗಿಲಿನ ಗಾಜನ್ನು ಸರಿಯಾಗಿ ಒರೆಸಿದ್ದಾರೆಯೇ ಎಂದು ನೋಡುತ್ತಿದ್ದೆ, ಅಷ್ಟೇ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲವಾದ್ದರಿಂದ ಮಾತೂ ಕೇಳುತ್ತಿತ್ತು.

ಪರೀಕ್ಷಕರು ಮರಾಠಿಯಲ್ಲಿ ಮೆತ್ತಗೆ ಕೇಳಿದರು. "ಮಗಳೇ, ಟೈಟ್ರೇಷನ್ ಅಂದರೇನು, ಗೊತ್ತೇ?"

ನಾನು ಗಾಜು ನೋಡುವುದನ್ನು ಬಿಟ್ಟು ಕಿವಿಗೊಟ್ಟೆ.

ಹುಡುಗಿ ಸೆರಗಿನ ಹಾಗೆ ಓಢಣಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಡಿಸಲು ನಿಂತಳು. ಅವಳ ಮರಾಠಿಗೆ ಇಂಡಿ ಕಡೆಯ ರಾಗವಿತ್ತು, ತಡೆಯಿರಲಿಲ್ಲ. ಟೈಟ್ರೇಷನ್ ಎಂದರೇನು ಎಂಬುದನ್ನು ಹೇಳಿದಳು. ಆಮ್ಲ ಹೇಳಿದಳು, ಪ್ರತ್ಯಾಮ್ಲ ಹೇಳಿದಳು. ಬಣ್ಣ ಯಾವಾಗ ತಿರುಗುತ್ತದೆ, ಯಾಕೆ ತಿರುಗುತ್ತದೆ ಎಂದು ಹೇಳಿದಳು. ಬಿಳಿ ಹೆಂಚು ಯಾಕೆ ಎಂಬುದನ್ನು ಕೇಳದೆಯೇ ಹೇಳಿದಳು. ನಮ್ಮ ಪ್ರೊಫೆಸರರು ಬಾಯಿ ತೆರೆದು ಕೂತಿದ್ದರು.

ಪರೀಕ್ಷಕರು ಸಂತೋಷದಿಂದ ತಲೆಯಾಡಿಸಿ, "ಪುರೇ, ಪುರೇ," ಎಂದರು. ಸಾಕು, ಸಾಕು.

ಆಗ ಹೊಳೆಯಿತು ನನಗೆ. ನಾನು ಹೇಳಿ ಮುಗಿಸದೆ ಬಿಟ್ಟದ್ದು ಏನೆಂದು.

ಇಂಡಿಯಲ್ಲಾಗಲಿ ಭೋರಿನಲ್ಲಾಗಲಿ, ಉಣ್ಣುವವರು ಸಾಕು ಎಂದ ಕೂಡಲೇ ಬಡಿಸುವುದನ್ನು ನಿಲ್ಲಿಸುವ ಹೆಂಗಸನ್ನು ಯಾರಾದರೂ ಕಂಡಿದ್ದಾರೆಯೇ? ಸಾಕು ಎಂದರೆ ಸಂಕೋಚ ಪಡುತ್ತಿದ್ದಾರೆ, ಇನ್ನೊಂದು ಹಾಕಬೇಕು ಎಂದು ಅರ್ಥ. ನಿಲ್ಲಿಸಿದರೆ ಅದು ಅವಮಾನ.

ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. ಬ್ಯುರೆಟ್ ಎಂಬ ಆ ಗಾಜಿನ ಕೊಳವೆಯನ್ನು ಹೇಗೆ ತೊಳೆಯಬೇಕು ಎನ್ನುವುದನ್ನು ಹಾಕಿದಳು.

"ಪುರೇ, ಬಾಳಾ." ಸಾಕು, ಮಗೂ.

ಕಣ್ಣು ಯಾವ ಮಟ್ಟದಲ್ಲಿರಬೇಕು, ದ್ರವದ ಬಾಗಿದ ಮೇಲ್ಮೈಯ ತಳವನ್ನೇ ಯಾಕೆ ಓದಬೇಕು ಎನ್ನುವುದನ್ನು ಹಾಕಿದಳು.

"ಬಸ್, ಬಸ್! ಖೂಪ್ ಝಾಲಂ!" ಬಹಳವಾಯಿತು ಎಂದು ಪರೀಕ್ಷಕರು ಕುರ್ಚಿಯಲ್ಲಿ ಹಿಂದೆ ಸರಿದರು.

ಅಷ್ಟು ಸಂಕೋಚದವರನ್ನು ಕಂಡು ಅವಳಿಗೆ ಕನಿಕರ ಬಂದಿರಬೇಕು. ಎರಡನೆಯ ವರ್ಷದ ಪಾಠದಿಂದ ಒಂದು ದೊಡ್ಡ ಸೌಟು ತೆಗೆದು ಹಾಕಿದಳು. ನಮ್ಮ ಪ್ರೊಫೆಸರರು, "ಅದು ಮುಂದಿನ ವರ್ಷದ್ದು, ಮುಂದಿನ ವರ್ಷದ್ದು," ಎಂದು ನಡುವೆ ಬಾಯಿ ಹಾಕಿದರು. ಅವರ ಕಡೆಗೂ ತಿರುಗಿ ಸ್ವಲ್ಪ ಬಡಿಸಿದಳು. ಪಂಕ್ತಿಭೇದ ಮಾಡಬಾರದಲ್ಲ.

ಹೊರಗೆ ನನ್ನ ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಒಳಗೆ ಹೋದರೆ ನಿಯಮ ಮುರಿದಂತೆ, ಹೋಗದಿದ್ದರೆ ಹುಡುಗಿ ನಿಲ್ಲುವವಳಲ್ಲ. ಪರೀಕ್ಷಕರಿಗೆ ಸಿಟ್ಟು ಬಂತೋ, ವರ್ಷವಿಡೀ ಪಟ್ಟ ಪಾಡು ಆ ಒಂದು ಗಳಿಗೆಯಲ್ಲಿ ಮಣ್ಣುಪಾಲು.

ಆ ಹಿರಿಯರು ಒಂದು ಕ್ಷಣ ಹುಡುಗಿಯ ಮುಖವನ್ನೇ ನೋಡಿದರು. ಸೊಂಟಕ್ಕೆ ಸಿಕ್ಕಿಸಿದ ಓಢಣಿ ನೋಡಿದರು. ಅವರೂ ಊರಮನೆಯ ಪಂಕ್ತಿಯಲ್ಲಿ ಕೂತು ಉಂಡವರೇ. ಏನೋ ಅರ್ಥವಾದವರಂತೆ ಮುಂದಕ್ಕೆ ಬಾಗಿ, ಎದುರಿಗಿದ್ದ ಅಂಕಪಟ್ಟಿಯ ಮೇಲೆ ಎರಡೂ ಕೈಗಳನ್ನು ಅಗಲವಾಗಿ ಹರಡಿ, ತಟ್ಟೆ ಮುಚ್ಚುವ ಹಾಗೆ ಮುಚ್ಚಿಬಿಟ್ಟರು.

ಹುಡುಗಿ ಆ ಕ್ಷಣವೇ ನಿಲ್ಲಿಸಿದಳು. ಅರ್ಧ ವಾಕ್ಯದಲ್ಲಿ. ಎರಡು ಹೆಜ್ಜೆ ಹಿಂದೆ ಸರಿದು, ಓಢಣಿ ಬಿಚ್ಚಿಕೊಂಡು, ತೃಪ್ತಿಯಿಂದ ಕೈ ಮುಗಿದಳು. ಉಣ್ಣುವವರಿಗೆ ಬಡಿಸಿದವರು ಹೇಳಬೇಕಾದ ಮಾತನ್ನು ಮರಾಠಿಯಲ್ಲೇ ಹೇಳಿದಳು. "ಸಾವಕಾಶ ಹೋವೂ ದ್ಯಾ, ಸರ್." ನಿಧಾನವಾಗಿ ಆಗಲಿ.

ಬಾಗಿಲ ಹೊರಗೆ ನಾನು ನಕ್ಕೆ. ಸದ್ದು ಮಾಡಿ ನಕ್ಕೆ. ಸಿಸ್ಟರುಗಳು ಕ್ಷಮಿಸಲಿ.

ಪರೀಕ್ಷೆ ಮುಗಿದ ಮೇಲೆ ಪರೀಕ್ಷಕರು ನನ್ನ ಕೋಣೆಗೆ ಬಂದರು. ಅಂಕ ಎಷ್ಟು ಎಂದು ಕೇಳುವುದು ನಿಯಮಕ್ಕೆ ವಿರುದ್ಧ. ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಚಹಾ ಕೊಡಲೇ ಎಂದೆ. ಬೇಡ, ನೀರು ಸಾಕು ಎಂದರು. ಬಿಸ್ಕಿಟು ಎಂದೆ. ಹೊಟ್ಟೆ ಹಿಡಿದುಕೊಂಡು ಕೈ ಮುಗಿದರು.

"ಮ್ಯಾಡಮ್, ಆ ಹುಡುಗಿಗೆ ಹಾಸ್ಟೆಲ್ ಸಿಗುವುದು ಪರೀಕ್ಷೆಯ ಮೇಲೆ ನಿಂತಿದೆಯಂತೆ, ನಿಮ್ಮ ಪ್ರೊಫೆಸರರು ಹೇಳಿದರು. ಹಾಸಿಗೆ ಸುತ್ತಿಕೊಂಡು ಬರಲು ಹೇಳಿ," ಎಂದರು. "ನನ್ನದೊಂದೇ ವಿನಂತಿ. ಮುಂದಿನ ವರ್ಷ ಅವಳ ಪರೀಕ್ಷೆಗೆ ಯಾರನ್ನಾದರೂ ಕರೆಸಿ. ಆದರೆ ಉಪವಾಸ ಇದ್ದವರನ್ನು ಕರೆಸಿ."